ಕದವಿಲ್ಲದ ಬಾಗಿಲು ಕಾಯುವವಳು

ಒಂದಾನೊಂದು ಮೈದಾನದಲ್ಲಿ ಒಂದು ಬಾಗಿಲಿತ್ತಂತೆ. ಅದಕ್ಕೆ ಕದವಿಲ್ಲ, ಚಿಲಕವಿಲ್ಲ, ಹಿಂದೆ ಮನೆಯೂ ಇಲ್ಲ. ಬರೀ ಒಂದು ಬಲೆ. ಆ ಬಾಗಿಲು ಕಾಯುವುದಕ್ಕೆ ಒಬ್ಬ ಹುಡುಗಿ. ಅವಳ ಕೈ ಚುರುಕು, ಕಾಲು ಚುರುಕು, ಕಣ್ಣಂತೂ ಹದ್ದಿನದು. ದನಿಯೊಂದು ಮಾತ್ರ, ಹೊರಡುತ್ತೇನೆಂದು ಎದ್ದು ಹೊಸಿಲಲ್ಲೇ ನಿಂತುಬಿಡುವ ನೆಂಟರ ಹಾಗೆ, ಗಂಟಲಿನಿಂದ ಆಚೆಗೆ ಕಾಲಿಡುತ್ತಿರಲಿಲ್ಲ.

“ನಾಳೆ ಫೈನಲ್ಲು. ಗೋಲಲ್ಲಿ ಇವಳು ನಿಂತ್ರೆ ನಾನು ಆಡಲ್ಲ,” ಎಂದಳು ಹುಡುಗಿಯ ಅಕ್ಕ. ತಂಡದ ನಾಯಕಿ ಅವಳೇ, ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವಳೂ ಅವಳೇ. “ಹೋದ ಪಂದ್ಯದಲ್ಲಿ ಏನಾಯ್ತು ಅಂತ ನೀವೇ ನೋಡಿದ್ರಲ್ಲ, ಮೇಡಂ.”

ನೋಡದವರು ಯಾರು? ಚೆಂಡು ಎತ್ತರದಿಂದ ಅಕ್ಕತಂಗಿಯರ ನಡುವೆ ಇಳಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಗೋಲ್‌ಕೀಪರ್ “ಬಿಡು, ನಂದು!” ಎಂದು ಕೂಗಬೇಕು, ಮುಂದಿರುವವಳು ತಲೆ ತಗ್ಗಿಸಿ ದಾರಿ ಬಿಡಬೇಕು. ಚಿಕ್ಕವಳು ಕೂಗಲಿಲ್ಲ. ಬಸ್ಸಿನಲ್ಲಿ ಜಾಗ ಕೇಳುವವರ ಹಾಗೆ, “ಅಕ್ಕಾ, ಒಂಚೂರು ಆ ಕಡೆ ಸರೀತೀಯಾ?” ಎಂದಳು. ಆ ಮಾತು ಮುಗಿಯುವಷ್ಟರಲ್ಲಿ ಅಕ್ಕನ ತಲೆಗೆ ತಾಗಿದ ಚೆಂಡು ಬಲೆಯೊಳಗೆ ಹೋಗಿ ಕೂತಿತ್ತು.

ಕೋಚ್ ಮೇಡಂ ಬಾಯಲ್ಲಿದ್ದ ಹುಲ್ಲುಕಡ್ಡಿ ತೆಗೆದರು. “ಇವತ್ತು ಸಂಜೆಯೊಳಗೆ ಕೂಗ್ತಾಳೆ. ಕೂಗದಿದ್ರೆ ನಾಳೆ ನೀನು ಹೇಳಿದವಳನ್ನೇ ನಿಲ್ಲಿಸ್ತೀನಿ. ಏನಮ್ಮಾ, ಕೂಗ್ತೀಯಲ್ಲ?”

ಚಿಕ್ಕವಳು ಹೂಂ ಎಂದು ತಲೆಯಾಡಿಸಿದಳು. ಈ ಬಾಗಿಲು ಕೈತಪ್ಪಿದರೆ ಮೈದಾನದಲ್ಲಿ ಬೇರೆಲ್ಲಿ ನಿಲ್ಲಬೇಕೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಜೊತೆಗೆ ಬಹಳ ದಿನದಿಂದ ತಲೆ ಕೊರೆಯುತ್ತಿದ್ದ ಒಂದು ಸಂಗತಿ ಬೇರೆ. ಉಳಿದ ತಂಡಗಳ ಕೋಚ್‌ಗಳು ಕತ್ತಿನ ನರ ಉಬ್ಬುವ ಹಾಗೆ ಕಿರುಚುತ್ತಾರೆ. ಈ ಮೇಡಂ ಮಾತ್ರ ಗ್ರಂಥಾಲಯದಲ್ಲಿ ಕೂತವರ ಹಾಗೆ ಕೂತಿರುತ್ತಾರೆ. ಧೈರ್ಯ ಮಾಡಿ ಕೇಳಿಯೇಬಿಟ್ಟಳು.

“ಆವತ್ತು ನೀವಾದ್ರೂ ಕೂಗಬಹುದಿತ್ತಲ್ಲ, ಮೇಡಂ?”

“ಕೂಗಬಹುದಿತ್ತು. ಆಮೇಲೆ ನೀನು ಜೀವಮಾನ ಇಡೀ ನನ್ನ ಗಂಟಲಿಗೆ ಕಾಯ್ತಾ ನಿಲ್ತಿದ್ದೆ.” ಹಾಗೆಂದವರೇ ಹೆಗಲ ಮೇಲಿನ ಟವೆಲನ್ನು ಕಣ್ಣಿಗೆ ಬಿಗಿದುಕೊಂಡು, ತಮ್ಮ ಭಾರೀ ಶರೀರವನ್ನು ಗೋಲಿನ ಮುಂದೆ ತಂದು ನಿಲ್ಲಿಸಿದರು. “ಈಗ ನಾನೇ ನಿನ್ನ ಅಕ್ಕ. ಕಣ್ಣು ಕಾಣಲ್ಲ. ನೀನು ಹೇಳಿದ್ರೆ ಬಗ್ತೀನಿ, ಇಲ್ದಿದ್ರೆ ಇಲ್ಲ. ಏ ನಾಯಕಿ, ಒದಿ!”

ಅಕ್ಕ ಒದ್ದಳು. “ಮೇಡಂ, ನೀವು ಸ್ವಲ್ಪ...” ದಬ್! ಚೆಂಡು ತೊಡೆಗೆ. ಇನ್ನೊಂದು ಭುಜಕ್ಕೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮತ್ತೊಂದು ನೇರ ಮುಖಕ್ಕೇ ಬರುತ್ತಿತ್ತು. ಚಿಕ್ಕವಳು ತುಟಿ ಬಿಚ್ಚದೆ ಓಡಿ ಬಂದು ಮೇಡಂ ಸೊಂಟ ತಬ್ಬಿ ತಳ್ಳಿದಳು. ಇಬ್ಬರೂ ಉರುಳಿದರು.

“ಕೈಗೇ ಬಾಯಿ ಬಂದ್ಬಿಟ್ಟಿದೆಯಲ್ಲೇ ನಿಂಗೆ!” ಮೇಡಂ ಮಣ್ಣು ಉಗುಳಿದರು. “ನಾಳೆ ಅಕ್ಕನ್ನೂ ಹೀಗೇ ತಬ್ಕೊಂಡು ಉರುಳ್ತೀಯಾ?”

ಬೆಳಕು ಇಳಿಯತೊಡಗಿತ್ತು. ಮೇಡಂ ಬಿದ್ದಲ್ಲೇ ಎದ್ದು ಕೂತು, ಕಣ್ಣಿನ ಕಟ್ಟು ಬಿಚ್ಚದೆ, ಪಕ್ಕದಲ್ಲಿದ್ದ ಕೈಯನ್ನು ತಡವಿದರು. ಬೆರಳ ತುದಿಗಳಲ್ಲಿ ಗ್ಲೌಸು ಖಾಲಿಖಾಲಿ.

“ಯಾರದು ಇದು?”

“ಅಕ್ಕಂದು. ಚಳಿಗೆ ಹಾಕ್ಕೊಳ್ತಿದ್ದದ್ದು.”

“ಶೂ?”

“ಅಕ್ಕಂದೇ. ಮುಂದೆ ಬಟ್ಟೆ ತುರುಕಿದೀನಿ.”

“ಜರ್ಸಿ?”

“ಅಕ್ಕಂಗೆ ಬಿಗಿಯಾಯ್ತು, ಅದಕ್ಕೆ...”

“ಸರಿ. ಈ ಗೋಲು?”

ಚಿಕ್ಕವಳು ತಿರುಗಿ ನೋಡಿದಳು. ಬಣ್ಣ ಹಕ್ಕಳೆ ಎದ್ದ ಎರಡು ಕಂಬ, ಮೇಲೊಂದು ಅಡ್ಡಪಟ್ಟಿ. ಅಕ್ಕ ಅದರೊಳಗೆ ಒಂದು ದಿನವೂ ನಿಂತವಳಲ್ಲ. ನಟ್ಟನಡುವೆ ಹುಲ್ಲೆಲ್ಲ ಸವೆದು ಬರಿಮಣ್ಣು ಕಾಣುತ್ತಿತ್ತು. ಸವೆಸಿದ್ದು ಇವಳ ಕಾಲು. ಇಂಥದ್ದನ್ನೂ ಯಾರಾದರೂ ಕೇಳುತ್ತಾರೆಯೇ ಎಂದು ಅವಳಿಗೆ ಸೋಜಿಗ. ಮೇಡಂ ಉತ್ತರಕ್ಕೆ ಕಾಯಲಿಲ್ಲ. ಎದ್ದು ಟವೆಲ್ ಬಿಚ್ಚಿ ಅಕ್ಕನನ್ನು ಕರೆದು ಅವಳ ಕಣ್ಣಿಗೆ ಕಟ್ಟಿದರು.

“ಅಯ್ಯೋ, ನಂಗ್ಯಾಕೆ? ಇವಳನ್ನ ನಂಬ್ಕೊಂಡು ಮೂಗು ಮುರ್ಕೊಳ್ಳೋಕಾ?”

“ಹೂಂ. ನಂಬ್ಕೊಂಡೇ.”

ಮನೆಯಲ್ಲಿ ಎಲ್ಲರನ್ನೂ ಕುಣಿಸುವ ಅಕ್ಕ, ಕರೆಂಟು ಹೋದಾಗ ಗೋಡೆ ಹುಡುಕುವವರ ಹಾಗೆ ಎರಡೂ ಕೈ ಮುಂದೆ ಚಾಚಿದಳು. “ಏ, ಎಲ್ಲಿದೀಯೇ? ಹಿಂದೆ ಇದೀಯಾ ತಾನೇ?” ಅಕ್ಕನಿಗೆ ಹೀಗೂ ಮಾತಾಡಲು ಬರುತ್ತದೆಂದು ಚಿಕ್ಕವಳಿಗೆ ಗೊತ್ತೇ ಇರಲಿಲ್ಲ. ಅವಳು ಸವೆದ ಮಣ್ಣಿನ ಮೇಲೆ ಕಾಲೂರಿದಳು.

ದೂರದಿಂದ ಮೇಡಂ ಒದ್ದರು. ಚೆಂಡು ಮೇಲೇರಿ, ಅಲ್ಲಿ ಒಂದು ಗಳಿಗೆ ಯೋಚಿಸಿದಂತೆ ನಿಂತು, ಇಬ್ಬರ ನಡುವೆ ಇಳಿಯತೊಡಗಿತು. ಸದ್ದು ಕೇಳಿದ ಅಕ್ಕ ಅಂದಾಜಿನ ಮೇಲೆ ಅದರತ್ತಲೇ ಹೆಜ್ಜೆಯಿಟ್ಟಳು.

“ಬಿಡೇ! ನಂದು!”

ಅಕ್ಕ ದೊಪ್ಪನೆ ನೆಲಕ್ಕೆ ಅಂಟಿದಳು. ಚಿಕ್ಕವಳು ಅವಳ ಮೇಲಿಂದ ಹಾರಿ ಚೆಂಡನ್ನು ಎದೆಗವಚಿಕೊಂಡಳು. ಮೈದಾನದ ಆಚೆ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದ ಯಾರೋ ಬ್ರೇಕ್ ಹಾಕಿ ತಿರುಗಿ ನೋಡಿದರು.

ಅಕ್ಕ ಏಳಲಿಲ್ಲ. ಕಣ್ಣಿನ ಕಟ್ಟನ್ನೂ ತೆಗೆಯಲಿಲ್ಲ. ಹುಲ್ಲಿನಲ್ಲಿ ಕೆನ್ನೆಯಿಟ್ಟೇ ಕೇಳಿದಳು:

“ಇಷ್ಟು ದಿನ ಎಲ್ಲಿಟ್ಟಿದ್ಯೇ ಇದನ್ನ?”