ಬಾವಲಿ ದಾರಿಯ ಒಂದು ಹಿಡಿ ಮಣ್ಣು

ಕಂಠಪ್ಪ ಒಂಟಿ ಸಲಗದ ಬಾಲ ಹಿಡಿದು ಅರ್ಧ ಫರ್ಲಾಂಗು ಹಿಂದಕ್ಕೆ ಎಳೆದಿದ್ದ. ಬರಿಗೈಯಲ್ಲಿ. ಅದೂ ಮೈಯಲ್ಲಿ ನೂರನಾಲ್ಕು ಜ್ವರ ಇಟ್ಟುಕೊಂಡು.

ಈ ಕತೆಯನ್ನು ಭೇರ್ಯದ ಜನ ಹನ್ನೆರಡು ವರ್ಷದಲ್ಲಿ ಹನ್ನೆರಡು ಸಾವಿರ ಸಲ ಕೇಳಿದ್ದರು. ಬಾಲ ಎಳೆದದ್ದನ್ನು ಊರಿನ ಒಂದು ನೊಣವೂ ನಂಬಿರಲಿಲ್ಲ. ಡ್ರೈವರನನ್ನು ಆನೆ ಎಳೆದೊಯ್ದು ಕೊಂದಿತೆಂಬ ಕತೆಯ ಕೊನೆಯನ್ನು ಮಾತ್ರ ಎಲ್ಲರೂ ನಂಬಿದ್ದರು. ನಂಬದೆ ಏನು ಮಾಡುವುದು? ಕೇರಳಕ್ಕೆ ಹುಲ್ಲು ಹೇರಿಕೊಂಡು ಹೋದ ಲಾರಿಯಲ್ಲಿ ಇಬ್ಬರಿದ್ದರು: ಡ್ರೈವರ್ ಅಣ್ಣಯ್ಯ, ಕ್ಲೀನರ್ ಕಂಠಪ್ಪ. ಲಾರಿಯನ್ನು ವಾಪಸು ತಂದವನು ಕ್ಲೀನರ್. ಅವನ ಕೈಯಲ್ಲಿ ಅಣ್ಣಯ್ಯನ ವಾಚು ಇತ್ತು. ಅಣ್ಣಯ್ಯ ಇರಲಿಲ್ಲ.

ಈಗ, ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ, ಅಂತರಸಂತೆ ದಾಟಿದ ಮೂರು ಗಾಡಿಗಳು ಸಾಲು ಹಿಡಿದು ಕಾಡು ಹೊಕ್ಕಿದ್ದವು. ಮುಂದೆ ಜೀಪು, ನಡುವೆ ಮೆಟಡಾರು, ಹಿಂದೆ ಟೆಂಪೋ. ಅಣ್ಣಯ್ಯನ ತಿಥಿಗೆ ಹೊರಟಿದ್ದರು; ತಿಥಿಗೆ ಹೊರಟವರು ಹಾದಿಯಲ್ಲಿ ಯಾರ ಮನೆಯಲ್ಲೂ ತಂಗಬಾರದು, ಯಾರ ಕೈಯಡುಗೆಯನ್ನೂ ಉಣ್ಣಬಾರದು. ಹಾಗಾಗಿ ಮನೆಯೇ ಚಕ್ರ ಕಟ್ಟಿಕೊಂಡು ಹೊರಟಿತ್ತು. ಸೀಮೆಎಣ್ಣೆ ಸ್ಟೋವು, ಮುದ್ದೆ ಕೋಲು, ನೀರಿನ ಡ್ರಮ್ಮು, ಸುತ್ತಿಟ್ಟ ಚಾಪೆಗಳು, ಹದಿನೆಂಟು ಜನ ನೆಂಟರು.

ಹನ್ನೆರಡು ವರ್ಷ ಸುದ್ದಿಯಿಲ್ಲದವನಿಗೆ ಪಿಂಡ ಇಟ್ಟುಬಿಡಬೇಕು, ಅದು ರೂಢಿ. ಗಡಿಯಾಚೆ ತಿರುನೆಲ್ಲಿಯಲ್ಲಿ ಇಡಿ, ಮೂಳೆ ಸಿಕ್ಕಿಲ್ಲವಾದ್ದರಿಂದ ಸತ್ತ ಜಾಗದ ಒಂದು ಹಿಡಿ ಮಣ್ಣನ್ನಾದರೂ ನೀರಿಗೆ ಬಿಡಿ ಎಂದು ಜೋಯಿಸರು ಹೇಳಿದ್ದರು. ಆ ಜಾಗ ಬಲ್ಲವನು ಲೋಕದಲ್ಲಿ ಕಂಠಪ್ಪ ಒಬ್ಬನೇ.

ಅವನು ಬರಲಾರೆ ಎಂದು ಎಂಟು ದಿನ ಹೊದ್ದು ಮಲಗಿದ. ಶ್ರೀರಂಗಪಟ್ಟಣ ಹತ್ತಿರ, ಕಾವೇರಿಗಿಂತ ದೊಡ್ಡ ನೀರು ಯಾವುದು ಎಂದು ವಾದಿಸಿದ. ಯಾರೂ ಕೇಳದಿದ್ದಾಗ ಎದ್ದು ಸಂತೆಗೆ ಹೋಗಿ ಅಕ್ಕಿ, ಎಳ್ಳು, ದರ್ಭೆ, ಬಾಳೆಲೆ ಎಲ್ಲವನ್ನೂ ತಾನೇ ತಂದು ಮೂಟೆ ಕಟ್ಟಿದ. ಹತ್ತು ಜನ ಸತ್ತರೂ ಸಾಲುವಷ್ಟು.

"ಅಲ್ಲಿ ಒಂದು ಕಾಳೂ ಕೊಳ್ಳಂಗಿಲ್ಲ," ಎಂದಿದ್ದ. "ಅಲ್ಲಿನ ಎಳ್ಳಲ್ಲಿ ಹೆಬ್ಬೆರಳು ಗಾತ್ರದ ಹುಳ."

ಅಣ್ಣಯ್ಯನ ತಮ್ಮ ಶಿವಶಂಕರ ಇದನ್ನೆಲ್ಲ ನೋಡುತ್ತಿದ್ದ. ಇನ್ನೊಂದನ್ನೂ ಅವನು ನೋಡಿದ್ದ. ಪ್ರತಿ ಗೌರಿ ಹಬ್ಬಕ್ಕೆ ಕಂಠಪ್ಪ ಅಣ್ಣಯ್ಯನ ಹೆಂಡತಿ ಬಸವಮ್ಮನ ಜಗಲಿಯ ಮೇಲೆ ಒಂದು ಸೀರೆ ಇಟ್ಟು, ತಲೆ ತಗ್ಗಿಸಿ ಹೋಗಿಬಿಡುತ್ತಿದ್ದ. ಸ್ವಂತ ಹೆಂಡತಿಗೆ ಒಂದು ರವಿಕೆ ಕಣ ತಂದವನಲ್ಲ. ಯಾವ ಪಾಪಕ್ಕೆ ಈ ಸೀರೆ? ಶಿವಶಂಕರ ಜೀಪಿನ ಸೀಟಿನಡಿ ಒಂದು ಹಾರೆ ಇಟ್ಟುಕೊಂಡು ಬಂದಿದ್ದ. ಒಂದು ಹಿಡಿ ಮಣ್ಣಿಗೆ ಹಾರೆ ಬೇಕಿಲ್ಲ ಎಂಬುದು ಕಂಠಪ್ಪನಿಗೆ ಚೆನ್ನಾಗಿ ತಿಳಿದಿತ್ತು.

"ಕಂಠಣ್ಣ, ಇನ್ನೆಷ್ಟು ದೂರ?"

"ಇನ್ನೇನು ಬಂತು ಕಣಪ್ಪ."

"ಬಳ್ಳೆ ಚೆಕ್‌ಪೋಸ್ಟಿಂದ ಇದನ್ನೇ ಏಳ್ತಿದ್ದೀಯ. ಬಾವಲಿ ಸೇತುವೆ ದಾಟುದ್ರೆ ಕೇರಳ. ಆನೆ ಅಲ್ಲಿಗೂ ಎಳ್ಕಂಡೋಗಿತ್ತಾ?"

ಕಂಠಪ್ಪನ ಬೆನ್ನಿನ ಬೆವರು ಸೀಟಿಗೆ ಅಂಟಿತು. ಗಡಿಗೆ ಇನ್ನು ಎರಡೇ ಮೈಲಿ; ಹನ್ನೆರಡು ವರ್ಷ ಮುಚ್ಚಿಟ್ಟದ್ದು ಅದರಾಚೆಗಿತ್ತು. ಸಿಕ್ಕಿದ ಮತ್ತಿಮರವೊಂದಕ್ಕೆ ಕೈ ತೋರಿಸಿದ. "ಇಲ್ಲೇ."

ಗಾಡಿಗಳು ಒಂದರ ಹಿಂದೊಂದು ನಿಂತವು. ಎಂಜಿನ್ನು ಆರಿದೊಡನೆ ಕಾಡು ಕಿವಿಗೆ ಬಟ್ಟೆ ತುರುಕಿದಂತೆ ಸುಮ್ಮನಾಯಿತು. ಹಕ್ಕಿಯೂ ಇಲ್ಲ. ಹಸಿ ಲದ್ದಿಯ ವಾಸನೆ ಮಾತ್ರ ಇತ್ತು.

"ಓದ್ಸಲ ಕೇಳ್ದಾಗ ಹುಣಿಸೆಮರ ಅಂದಿದ್ದೆ," ಎಂದ ಶಿವಶಂಕರ. ಹಾರೆ ಇಳಿಯಿತು. ಒಂದು ಅಡಿ, ಎರಡು ಅಡಿ, ಮೂರು ಅಡಿ. ಪ್ರತಿ ಪೆಟ್ಟಿಗೂ ಕಂಠಪ್ಪ ಕಣ್ಣು ಮುಚ್ಚುತ್ತಿದ್ದ. ಸುತ್ತ ನಿಂತ ನೆಂಟರಲ್ಲಿ ಒಬ್ಬರೂ ಈಗ ಅವನ ಪಕ್ಕದಲ್ಲಿರಲಿಲ್ಲ.

"ಇಲ್ಲೇನೂ ಇಲ್ಲ." ಶಿವಶಂಕರ ನೆಟ್ಟಗಾದ. ಮಾತಿನಿಂದ ಅಣ್ಣ ಎಂಬುದು ಉದುರಿಹೋಯಿತು. "ಎಲ್ಲಿ ಊತಾಕಿದ್ದೀಯ, ಏಳ್ಲಾ. ಪೊಲೀಸ್ ಚೌಕಿ ಇಲ್ಲೇ ಬಾವಲೀಲದೆ."

"ಬುಡು ಶಿವು." ಬಸವಮ್ಮ ಗುಂಡಿಯ ಅಂಚಿಗೆ ಬಂದು ಕುಳಿತಳು. ಹನ್ನೆರಡು ವರ್ಷ ಒಂದು ದಿನವೂ ಕುಂಕುಮ ತಪ್ಪಿಸದ ಹಣೆ. "ಯಾರ್ನ ಇಡ್ಕೊಟ್ರೂ ಓದೋರು ಎದ್ದು ಬತ್ತಾರಾ? ಮಣ್ಣು ತಗಂಡಾಯ್ತಲ್ಲ. ನಂದೂ ಇಲ್ಲೇ ಮುಗ್ಸಿಬುಡ್ತೀನಿ."

ಅವಳು ಎಡಗಾಲನ್ನು ಮುಂದಕ್ಕೆ ಚಾಚಿ ಕಾಲುಂಗುರಕ್ಕೆ ಕೈ ಹಾಕಿದಳು. ಇಪ್ಪತ್ತು ವರ್ಷದ ಉಂಗುರ, ಬೆರಳಿನ ಮಾಂಸದೊಳಗೆ ಹೂತಿತ್ತು. ತಿರುಗಿಸಿದಳು, ಎಳೆದಳು. ಬರಲಿಲ್ಲ. ಚರ್ಮ ಕಿತ್ತು ರಕ್ತ ಜಿನುಗಿತು. ಹಲ್ಲು ಕಚ್ಚಿ ಮತ್ತೆ ಎಳೆದಳು.

"ತಗೀಬ್ಯಾಡಿ ಅತ್ತಿಗೆ!"

ಕಂಠಪ್ಪ ಅವಳ ಕಾಲಿನ ಮೇಲೆ ಬಿದ್ದಿದ್ದ. ಜನ್ಮದಲ್ಲಿ ಮೊದಲ ಸಲ ಅವನ ಬಾಯಿಂದ ಚಿಕ್ಕ ಚಿಕ್ಕ ಮಾತುಗಳು ಬಂದವು.

"ಆನೆ ಇರ್ನಿಲ್ಲ. ಜ್ವರಾನೂ ಇರ್ನಿಲ್ಲ. ನಾನು ಎಮ್ಮೆ ಬಾಲನೂ ಇಡ್ದೋನಲ್ಲ."

ಶಿವಶಂಕರ ಹಾರೆ ಎತ್ತಿದ. "ಅಂಗಾರೆ ಕೊಂದೋನು ನೀನೇ."

ಕಂಠಪ್ಪ ತಲೆ ಎತ್ತಲಿಲ್ಲ. ಗುಂಡಿಯೊಳಕ್ಕೆ ಮಾತಾಡಿದ.

"ಅಣ್ಣಯ್ಯ ಸತ್ತಿಲ್ಲ ಕಣ್ಲಾ. ತಿರುನೆಲ್ಲೀಲಿ ಇನ್ನೊಂದು ಸಂಸಾರ ಮಡಗವ್ನೆ. ನಾಳೆ ಬೆಳಿಗ್ಗೆ ಗುಡಿ ಮುಂದೆ ಗಾಡಿ ನಿಲ್ಸುದ್ರೆ, ಪಿಂಡಕ್ಕೆ ಅಕ್ಕಿ ಎಳ್ಳು ತಗಳ್ಳಿ ಅಂತ ಓಡ್ಬಂದು ಕರೆಯೋ ಅಂಗಡಿಯೋನು ಅವ್ನೇ."