ಏಳನೆಯ ಪ್ರತಿ

ಸುಚಿತ್ರಾ ಇನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲೇ ಶ್ರಾವ್ಯ ಬ್ಯಾಗಿನಿಂದ ಮಡಿಚಿದ ಮೂರು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. "ಎಲ್ಲಾ ಇದ್ರಲ್ಲಿದೆ ಮೇಡಂ, ಓದ್ಕಳಿ. ಅಲ್ಲೀವರೆಗೆ ನಾನು ಹೊರಗೆ ಕೂತಿರ್ತೀನಿ."

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳು ನಡೆದದ್ದನ್ನು ಒಮ್ಮೆ ಹೇಳಿದರೆ ಸಾಕು, ಪೊಲೀಸರು, ವೈದ್ಯರು, ವಕೀಲರು ಕೂಡಿ ಕೆಲಸ ಮಾಡುತ್ತಾರೆ ಎಂದು ಶುರುವಾದ ಕೇಂದ್ರವೊಂದರ ಬಗ್ಗೆ ಸುಚಿತ್ರಾ ವರದಿ ಬರೆಯಬೇಕಿತ್ತು. ಅಲ್ಲಿ ನೆರವು ಪಡೆದವರಲ್ಲಿ ಶ್ರಾವ್ಯಳೂ ಒಬ್ಬಳು. ಈ ಮಾತುಕತೆಗೆಂದೇ ಹೊಸನಗರದ ಕಡೆಯಿಂದ ಬೆಳಗಿನ ಬಸ್ಸಿಗೆ ಸಾಗರಕ್ಕೆ ಬಂದಿದ್ದಳು. 'ಇಲಾಖೆಗಳ ನಡುವೆ ಹೊಂದಾಣಿಕೆ ಉತ್ತಮ' ಎಂಬ ಸಾಲಿನ ಮುಂದೆ ಸುಚಿತ್ರಾ ಆಗಲೇ ಸರಿ ಎಂದು ಗುರುತು ಹಾಕಿಯಾಗಿತ್ತು.

ಹಾಳೆಯ ಮೇಲೆ ನೀಲಿ ಶಾಯಿಯ ದುಂಡಗಿನ ಅಕ್ಷರ. ಒಂದೂ ಚಿತ್ತುಕಾಟು ಇರಲಿಲ್ಲ.

"ಜೆರಾಕ್ಸ್ ಮಾಡಿಸ್ಲಿಲ್ವಾ?"

"ಅಂಗಡಿಯೋನು ಓದ್ತಾನಲ್ಲ ಮೇಡಂ. ಅದ್ಕೇ ಪ್ರತಿಸಲ ಕೈಯಲ್ಲೇ ಬರೀತೀನಿ. ಹೋದಲ್ಲೆಲ್ಲಾ ಮೊದ್ಲಿಂದ ಕೇಳ್ತಾರೆ, ಬಾಯಲ್ಲಿ ಹೇಳಕ್ಕಾಗಲ್ಲ. ನೀವು ಏಳನೆಯವ್ರು. ಈಗ ಹಳೇದನ್ನ ನೋಡ್ದೇನೇ ಬರೀತೀನಿ."

ಸುಚಿತ್ರಾ ಪೆನ್ನು ಕೆಳಗಿಟ್ಟಳು. ಹಾಳೆಗಳನ್ನು ಬಿಡಿಸದೆ ಅವಳ ಕಡೆಗೆ ಸರಿಸಿದಳು. "ಇದನ್ನ ನಾನು ಓದಲ್ಲ ಶ್ರಾವ್ಯ. ಆವತ್ತಿನ ವಿಷಯ ಬೇಡ. ಅದು ಬಿಟ್ಟು ನಿಮ್ಮ ಬಗ್ಗೆ ಏನಾದ್ರೂ ಹೇಳಿ. ಏನಾದ್ರೂ ಸರಿ."

ಶ್ರಾವ್ಯ ನೆಟ್ಟಗೆ ಕೂತಳು. ಹೇಳುವಂಥದ್ದು ಏನಾದರೂ ಇದೆಯೇ ಎಂದು ಮನಸ್ಸಿನಲ್ಲೇ ಹುಡುಕಿದಳು. ಆಮೇಲೆ, ಪರೀಕ್ಷೆಯಲ್ಲಿ ಉತ್ತರ ಮರೆತ ಹುಡುಗಿಯಂತೆ ಹೆದರಿ ಕೇಳಿದಳು:

"ಅದು ಬಿಟ್ಟು ಅಂದ್ರೆ... ಎಂತ ಹೇಳ್ಲಿ ಮೇಡಂ?"