ಭಾಗಿಸಲು ಬಾರದ ಸೊನ್ನೆ

“ಮೇಡಂ, ಸೊನ್ನೆಯಿಂದ ಭಾಗಿಸ್ತಿದ್ದೀರಲ್ಲ!”

ಮುಂದಿನ ಬೆಂಚಿನ ಹುಡುಗಿ ಕೂಗಿದಾಗ ಹೊಸ ಲೆಕ್ಚರರ್ ಕೈ ಬೋರ್ಡಿನ ಮೇಲೇ ನಿಂತಿತು. ಒಂದು ಗ್ರಾಂ ಮಂಜುಗಡ್ಡೆ ಕರಗಿದರೆ ಎಂಟ್ರೊಪಿ, ಅಂದರೆ ಅದರ ಕಣಗಳ ಅಸ್ತವ್ಯಸ್ತತೆಯ ಅಳತೆ, ಎಷ್ಟು ಹೆಚ್ಚುತ್ತದೆಂಬ ಲೆಕ್ಕ ಅದು. ಮೇಲೆ ಹೀರಿದ ಶಾಖ, 334 ಜೂಲ್; ಕೆಳಗೆ ತಾಪಮಾನವೆಂದು ಅವಳೇ ಸೆಲ್ಸಿಯಸ್‌ನಲ್ಲಿ ಬರೆದ ದುಂಡನೆಯ ಸೊನ್ನೆ. “ಎಂಟ್ರೊಪಿ ಆಕಾಶಕ್ಕೇ ಹೋಯ್ತು ಬಿಡ್ರೋ,” ಎಂದ ಒಬ್ಬ. ತರಗತಿ ಗೊಳ್ಳೆಂದಿತು. ಕೊನೆಯ ಬೆಂಚಿನಲ್ಲಿ ಕೂತು ಪಾಠ ಕೇಳುತ್ತಿದ್ದ ವಿಭಾಗದ ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆದರು. ಅವಳ ಕೆಲಸ ಕಾಯಂ ಆಗುವುದು ಅವರು ಇವತ್ತು ಬರೆಯುವುದರ ಮೇಲಿತ್ತು.

ಡಸ್ಟರ್ ಕೈಗೆ ಬಂದೇಬಿಟ್ಟಿತ್ತು. ಒಮ್ಮೆ ಒರೆಸಿದ್ದರೆ ಸಾಕಿತ್ತು. ಅವಳು ಅದನ್ನು ಮೇಜಿನ ಮೇಲಿಟ್ಟು, ಸೊನ್ನೆಯ ಸುತ್ತ ಕೆಂಪು ಸೀಮೆಸುಣ್ಣದಿಂದ ದಪ್ಪಗೆ ಗೆರೆ ಎಳೆದಳು. “ತಪ್ಪು ನಂದೇ. ಈಗ ಹೇಳಿ, ಈ ಸೊನ್ನೆ ಮಂಜುಗಡ್ಡೆಯದ್ದಾ, ಥರ್ಮಾಮೀಟರಿಗೆ ಗೆರೆ ಹಾಕಿದವರದ್ದಾ?”

ಗುಸುಗುಸು ಶುರುವಾಯಿತು. “ಗೆರೆ ಹಾಕಿದವರದ್ದೇ ಮೇಡಂ,” ಅದೇ ಹುಡುಗಿ ಎದ್ದಳು. “ಅಲ್ಲಿ ಶಾಖ ಇಲ್ಲ ಅಂತೇನಲ್ಲ. ಕೆಲ್ವಿನ್‌ನಲ್ಲಿ ಹಾಕ್ಬೇಕಿತ್ತು, ಇನ್ನೂರ ಎಪ್ಪತ್ಮೂರು.”

“ಹಾಗಾದ್ರೆ ಭಾಗಿಸಿ ನೋಡಿ.”

ತಲೆಗಳೆಲ್ಲ ನೋಟ್‌ಬುಕ್ಕಿಗೆ ಬಾಗಿದವು. ಅಷ್ಟರಲ್ಲಿ ಕೊನೆಯ ಬೆಂಚಿನಿಂದ ಗಡಸು ದನಿ ಬಂತು: “ಒಂದು ಪಾಯಿಂಟ್ ಎರಡು ಎರಡು!”

ಅವರೆದುರು ಇವತ್ತಿನವರೆಗೆ ತಲೆ ಎತ್ತಿ ಮಾತಾಡದವಳು ನೇರ ಅವರನ್ನೇ ನೋಡಿದಳು. “ಕೈ ಎತ್ತಿ ಹೇಳಿ ಸರ್.”

ಮುಖ್ಯಸ್ಥರು ಕೈ ಎತ್ತಿದರು.